ಒತ್ತಿದ ಕೀ ಏಳದಿದ್ದಾಗ

‘ಶ್ರೀ ಸಿದ್ಧರಾಮೇಶ್ವರ ಪ್ರಸನ್ನ’. ಸೋಲಾಪುರದ ಕಡೆಯ ಕನ್ನಡ ಲಗ್ನಪತ್ರಿಕೆಗಳ ನೆತ್ತಿಯ ಮೇಲೆ ಅಚ್ಚಾಗುವ ಮೂರು ಪದ. ಇದನ್ನು ಕಂಪ್ಯೂಟರಿನಲ್ಲಿ ಟೈಪು ಮಾಡುವಾಗ ಒಂದೇ ಒಂದು ಕೀ ಕೈಕೊಟ್ಟರೆ ಪರದೆಯ ಮೇಲೆ ಮೂಡುವುದು ಹೀಗೆ: ‘ಶರೀ ಸಿದಧರಾಮೇಶವರ ಪರಸನನ’. ಐದು ಒತ್ತಕ್ಷರಗಳೂ ಬಿಚ್ಚಿಹೋದವು. ಇಂಗ್ಲಿಷಿನಲ್ಲಿ ಒಂದು ಕೀ ಕೆಟ್ಟರೆ ಒಂದು ಅಕ್ಷರ ಕಾಣೆಯಾಗುತ್ತದೆ, ಓದುವವರು ಊಹಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಈ ಒಂದು ಕೀ ಕೆಟ್ಟರೆ ಸಾಲಿಗೆ ಸಾಲೇ ಓದಲು ಬಾರದಂತಾಗುತ್ತದೆ.

ಕಂಪ್ಯೂಟರಿನ ಲೆಕ್ಕದಲ್ಲಿ ‘ಕ್ಕ’ ಎಂಬುದು ಮೂರು ಒತ್ತು: ಮೊದಲು ಕ, ಆಮೇಲೆ ಒತ್ತಕ್ಷರ ಕೂಡಿಸುವ ಹಲಂತದ ಗುರುತು, ಮತ್ತೆ ಕ. ಆ ಹಲಂತದ ಕೀ ಎಲ್ಲಿದೆ ಎಂಬುದು ನೀವು ಬಳಸುವ ವಿನ್ಯಾಸದ ಮೇಲೆ ನಿಂತಿದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಕರ್ನಾಟಕದ ಕಚೇರಿಗಳಿಗೆಲ್ಲ ಹಬ್ಬಿದ ವಿನ್ಯಾಸದಲ್ಲಿ ಅದು ಎಫ್ ಕೀ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಹೊರತಂದ ಇನ್‌ಸ್ಕ್ರಿಪ್ಟ್‌ನಲ್ಲಿ ಡಿ ಕೀ. ಎರಡೂ ಅಕ್ಕಪಕ್ಕದಲ್ಲೇ, ಎಡಗೈ ಬೆರಳುಗಳ ಕೆಳಗೇ ಇವೆ. ಇನ್‌ಸ್ಕ್ರಿಪ್ಟ್‌ನ ದೊಡ್ಡ ಗುಣವೆಂದರೆ ಭಾರತೀಯ ಭಾಷೆಗಳಿಗೆಲ್ಲ ಅದರಲ್ಲಿ ಒಂದೇ ಜಾಗ. ಕನ್ನಡದ ಕ ಇರುವಲ್ಲೇ ಮರಾಠಿಯ ಕ, ತೆಲುಗಿನ ಕ. ಬೆಳಿಗ್ಗೆ ಮರಾಠಿ ಅರ್ಜಿ, ಮಧ್ಯಾಹ್ನ ಕನ್ನಡ ಲಗ್ನಪತ್ರಿಕೆ, ಸಂಜೆ ಪದ್ಮಶಾಲಿ ನೇಕಾರರ ಮನೆಯ ತೆಲುಗು ಕರೆಯೋಲೆ ಹೊಂದಿಸಬೇಕಾದ ಸೋಲಾಪುರದಂಥ ಊರಿಗೆ ಹೇಳಿ ಮಾಡಿಸಿದ ವ್ಯವಸ್ಥೆ ಅದು. ಆದರೆ ಮೂರೂ ಭಾಷೆಯ ಒತ್ತು ಬೀಳುವುದು ಅದೇ ಡಿ ಕೀ ಮೇಲೆ. ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ ‘ಅ’ ಬೇರೆ. ‘ಅಕ್ಕಲಕೋಟ’ ಎಂದು ಬರೆಯಲು ಶಿಫ್ಟ್ ಬಿಟ್ಟು ಎಂಟು ಒತ್ತು. ಅದರಲ್ಲಿ ಎರಡು ಡಿ ಕೀಗೇ ಹೋಗುತ್ತವೆ. ಇಂಥ ಕೀ ಎಲ್ಲಕ್ಕಿಂತ ಮೊದಲು ಸವೆಯುವುದರಲ್ಲಿ, ಬೆರಳಿನ ಜಿಡ್ಡು ಎಲ್ಲಕ್ಕಿಂತ ಹೆಚ್ಚು ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ.

ಜಿಡ್ಡಿಗೆ ಧೂಳೂ ಕೂಡುತ್ತದೆ. ವಿಜಾಪುರ ರಸ್ತೆಯನ್ನು ಬಲ್ಲವರಿಗೆ ಅಲ್ಲಿಯ ಧೂಳನ್ನು ಬಣ್ಣಿಸಬೇಕಾಗಿಲ್ಲ. ಸೋಲಾಪುರದಿಂದ ಸೈಫುಲ್, ಸೋರೇಗಾಂವ ಹಾದು, ಸೀನಾ ದಾಟಿ, ಭೀಮೆಯನ್ನೂ ದಾಟಿ ಧೂಳಖೇಡದಲ್ಲಿ ಕರ್ನಾಟಕ ಸೇರುವ ಹೆದ್ದಾರಿ ಇದು. ಹಗಲೂ ರಾತ್ರಿ ಲಾರಿ, ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರು. ರಸ್ತೆಯ ಬದಿಯ ಝೆರಾಕ್ಸ್, ಡಿಟಿಪಿ ಅಂಗಡಿಗಳಿಗೆ ಬಾಗಿಲೆಂದರೆ ಮೇಲೆತ್ತಿದ ಶಟರ್. ಎಪ್ರಿಲ್–ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟಿದಾಗ ಫ್ಯಾನು ಇಡೀ ದಿನ ತಿರುಗುತ್ತದೆ, ಧೂಳನ್ನೂ ತಿರುಗಿಸುತ್ತದೆ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆ ಹೋದರೆ ಇನ್ನೊಂದು ಬಗೆಯ ಧೂಳು: ಚಾದರ, ಟರ್ಕಿ ಟವೆಲ್ ನೇಯುವ ಮಗ್ಗಗಳಿಂದ ಹಾರುವ ಹತ್ತಿಯ ನವಿರು ಎಳೆ. ಮಣ್ಣಿನ ಧೂಳು ಊದಿದರೆ ಹೋಗುತ್ತದೆ. ಹತ್ತಿಯ ಎಳೆ ಹೋಗುವುದಿಲ್ಲ. ಅದು ಕೀ ಕೆಳಗೆ ಸೇರಿ, ಬೆರಳಿನ ಜಿಡ್ಡು ಕುಡಿದು, ಒತ್ತಿ ಒತ್ತಿ ಚಾಪೆಯಂತೆ ಗಟ್ಟಿಯಾಗಿ ಕೂರುತ್ತದೆ. ಮಗ್ಗದ ಕಾರ್ಖಾನೆಯ ಕಚೇರಿಯಲ್ಲಿ ಹಲವು ವರ್ಷ ಬಿಲ್ಲು ಬರೆದ ಕೀಬೋರ್ಡನ್ನು ಬಿಚ್ಚಿದರೆ ಕೀಗಳ ನಡುವಿನ ಕಾಲುವೆಗಳಲ್ಲಿ ಬೂದು ಬಣ್ಣದ ಉದ್ದನೆಯ ಬತ್ತಿಗಳೇ ಸಿಗುತ್ತವೆ.

ಆದರೂ ಧೂಳಿಗಿಂತ ದೊಡ್ಡ ಶತ್ರು ಚಹಾ. ಅಂಗಡಿಯಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ:

“ಅಣ್ಣಾ, ಈ ಕೀ ಒತ್ತಿದ್ರ ಏಳವಲ್ತು ನೋಡ್ರಿ.”

“ಚಾ ಬಿದ್ದೈತೇನ್ರೀ ಅಕ್ಕಾ?”

“ಬಿದ್ದಿತ್ರಿ. ಅದು ಹೋದ ವರ್ಷದ ಮಾತು. ಅವತ್ತ ಒರಸೀನಿ, ಛಲೋನ ನಡದಿತ್ತು.”

ಅಕ್ಕ ಹೇಳಿದ್ದು ನಿಜ. ಚಹಾ ಬಿದ್ದ ದಿನ ಮೇಲೆ ಬಟ್ಟೆ ಆಡಿಸಿದರೆ ಕೀಬೋರ್ಡ್ ನಡೆದೇ ನಡೆಯುತ್ತದೆ. ಕೆಳಗಿಳಿದ ನಾಲ್ಕು ಹನಿಯ ನೀರು ಆರಿ, ಸಕ್ಕರೆ ತೆಳ್ಳಗಿನ ಪದರವಾಗಿ ಉಳಿಯುತ್ತದೆ. ಸೋಲಾಪುರದ ಒಣ ಬೇಸಿಗೆಯಲ್ಲಿ ಆ ಪದರ ಗಾಜಿನಂತೆ ಗಟ್ಟಿಯಾಗಿರುವುದರಿಂದ ಅಂಟುವುದು ಕಡಿಮೆ. ಮಳೆಗಾಲ ಹಿಡಿದು ಗಾಳಿಯಲ್ಲಿ ತೇವ ಬಂದ ಕೂಡಲೇ ಸಕ್ಕರೆ ಅದನ್ನು ಹೀರಿಕೊಳ್ಳುತ್ತದೆ, ಪದರ ಮೆತ್ತಗಾಗಿ ಅಂಟಾಗುತ್ತದೆ. ಜನವರಿಯಲ್ಲಿ ಚೆಲ್ಲಿದ ಚಹಾ ಜುಲೈಯಲ್ಲಿ ಕೀ ಹಿಡಿಯುವುದು ಹೀಗೆ. ಹಾಲಿನ ಕೊಬ್ಬು, ಮೇಲೆ ಬಂದು ಕೂತ ಧೂಳು, ಎಲ್ಲ ಕೂಡಿದರೆ ಕೀ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ.

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಒಂದು ಸಂಗತಿಯನ್ನು ತಪ್ಪದೆ ನೋಡಬೇಕು. ದೋಷ ಕೀಬೋರ್ಡಿನಲ್ಲಿದೆಯೋ, ವಿಂಡೋಸ್‌ನಲ್ಲಿದೆಯೋ? ಶಿಫ್ಟ್ ಕೀಯನ್ನು ಒಂದರ ಹಿಂದೊಂದು ಐದು ಸಲ ಒತ್ತಿದರೆ ವಿಂಡೋಸ್‌ನಲ್ಲಿ ಸ್ಟಿಕಿ ಕೀಸ್ ಎಂಬ ಸೌಲಭ್ಯ ಎದ್ದು ಕೂತು, ಶುರು ಮಾಡಲೇ ಎಂದು ಕೇಳುತ್ತದೆ. ಓದದೆ ಎಂಟರ್ ಒತ್ತಿದಿರೋ, ಅಲ್ಲಿಂದ ಮುಂದೆ ಶಿಫ್ಟ್, ಕಂಟ್ರೋಲ್ ಕೀಗಳು ಒತ್ತಿ ಬಿಟ್ಟ ಮೇಲೂ ಒತ್ತಿದಂತೆಯೇ ಇರುತ್ತವೆ. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಹಿಡಿದಿದ್ದರೆ ಫಿಲ್ಟರ್ ಕೀಸ್ ಏಳುತ್ತದೆ. ಅದಕ್ಕೆ ಹೂಂ ಅಂದರೆ ಬೇಗ ಬೇಗ ಒತ್ತಿದ್ದನ್ನು ಕಂಪ್ಯೂಟರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಎಲ್ಲ ಕೀಗಳೂ ಜಡವಾದಂತೆ ಅನಿಸುತ್ತದೆ. ಕನ್ನಡ ಟೈಪಿಂಗ್ ಕಲಿಯುವ ಹೊಸಬರಿಗೆ ಇದು ಆಗಾಗ ಎದುರಾಗುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಮಹಾಪ್ರಾಣಗಳೆಲ್ಲ, ಬಿಡಿ ಸ್ವರಗಳೆಲ್ಲ ಶಿಫ್ಟ್ ಮೇಲೆಯೇ ಇರುವುದರಿಂದ ‘ಧ’ ಎಲ್ಲಿದೆ ಎಂದು ಹುಡುಕುತ್ತ ಶಿಫ್ಟ್ ಹಿಡಿದೇ ಕೂರುತ್ತಾರೆ. ಸೆಟ್ಟಿಂಗ್ಸ್ ತೆರೆದು, ಆಕ್ಸೆಸಿಬಿಲಿಟಿಯಲ್ಲಿ ಕೀಬೋರ್ಡ್ ಎಂಬಲ್ಲಿಗೆ ಹೋಗಿ ಎರಡನ್ನೂ ಆಫ್ ಮಾಡಿದರೆ ಮುಗಿಯಿತು.

ಹಾಗೆಂದು ಆ ಸೌಲಭ್ಯಗಳನ್ನು ಪೀಡೆ ಎಂದುಕೊಳ್ಳಬಾರದು. ಒಂದೇ ಕೈಯಲ್ಲಿ, ಒಂದೇ ಬೆರಳಲ್ಲಿ, ಬಾಯಲ್ಲಿ ಕಚ್ಚಿದ ಕಡ್ಡಿಯಲ್ಲಿ ಟೈಪು ಮಾಡುವವರಿಗೆ ಎರಡು ಕೀ ಒಟ್ಟಿಗೆ ಒತ್ತಲಾಗದು. ಅವರಿಗಾಗಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಕೇಂದ್ರದಲ್ಲಿ ಬೆಳೆದ ಸೌಲಭ್ಯಗಳು ಇವು. ವಿಂಡೋಸ್ 95ರಿಂದ ವಿಂಡೋಸ್‌ನ ಭಾಗವಾಗಿಯೇ ಬರುತ್ತಿವೆ. ಬೇಡದವರು ಆಫ್ ಮಾಡಿಕೊಳ್ಳಲಿ, ಬೇಕಾದವರಿಗೆ ಅವು ದೊಡ್ಡ ಆಸರೆ.

ಅವನ್ನು ಆಫ್ ಮಾಡಿದ ಮೇಲೂ ಕೀ ಸರಿಯಾಗದಿದ್ದರೆ ಕೀಬೋರ್ಡನ್ನೇ ಪರೀಕ್ಷಿಸಬೇಕು. ವಿಂಡೋಸ್ ಕೀ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಕೀಬೋರ್ಡಿನ ಚಿತ್ರ ಬರುತ್ತದೆ. ನೀವು ಕೈಯಲ್ಲಿ ಒತ್ತಿದ ಕೀ ಅಲ್ಲಿ ಬೆಳಗುತ್ತದೆ. ಬೆರಳು ತೆಗೆದ ಮೇಲೂ ಬೆಳಗುತ್ತಲೇ ಇದ್ದರೆ ಕೀ ಒಳಗೇ ಸಿಕ್ಕಿದೆ. ಬೆಳಗದೇ ಹೋದರೆ ಒತ್ತು ಒಳಗೆ ಮುಟ್ಟುತ್ತಿಲ್ಲ. ಅವಸರದ ಕೆಲಸವಿದ್ದರೆ ಹಲಂತವನ್ನು ಅದೇ ಚಿತ್ರದ ಮೇಲೆ ಮೌಸಿನಿಂದ ಒತ್ತಿ ಪತ್ರಿಕೆ ಮುಗಿಸಬಹುದು. ನಿಧಾನ, ಆದರೆ ಗಿರಾಕಿ ಕಾಯುತ್ತಿರುವಾಗ ಅದೂ ಉಪಕಾರವೇ.

ಕೆಟ್ಟದ್ದು ಒಂದೇ ಕೀಯೋ ಹಲವೋ ಎಂಬುದು ಮುಂದಿನ ಪ್ರಶ್ನೆ. ನೂರಕ್ಕೂ ಹೆಚ್ಚು ಕೀಗಳಿಗೆ ಒಂದೊಂದು ತಂತಿ ಎಳೆದಿರುವುದಿಲ್ಲ. ಅಡ್ಡಸಾಲು, ಉದ್ದಸಾಲುಗಳ ಜಾಲರಿಯಂತೆ ಗೆರೆಗಳಿರುತ್ತವೆ. ಒಳಗಿರುವ ಪುಟ್ಟ ಚಿಪ್ಪು ಸೆಕೆಂಡಿಗೆ ನೂರಾರು ಸಲ ಆ ಸಾಲುಗಳನ್ನು ತಡಕಿ, ಯಾವ ಅಡ್ಡಗೆರೆ ಯಾವ ಉದ್ದಗೆರೆಗೆ ತಾಗಿದೆ ಎಂದು ನೋಡಿ ಅಕ್ಷರ ಕಳಿಸುತ್ತದೆ. ಆದ್ದರಿಂದ ಒಂದೇ ಕೀ ಕೆಟ್ಟಿದ್ದರೆ ಕಸ ಆ ಕೀ ಕೆಳಗಿದೆ, ನೀವೇ ಸರಿಪಡಿಸಬಹುದು. ಮೂರು ನಾಲ್ಕು ಕೀಗಳು ಒಮ್ಮೆಲೇ ಸತ್ತಿದ್ದರೆ ಗೆರೆಯೇ ಕಡಿದಿದೆ. ಒಂದು ಒತ್ತಿದರೆ ಎರಡು ಅಕ್ಷರ ಬರುತ್ತಿದ್ದರೆ ಪದರಗಳ ನಡುವೆ ಚಹಾ ಹೊಕ್ಕು ಗೆರೆ ಗೆರೆಗೆ ಸೇತುವೆ ಕಟ್ಟಿದೆ. ಗೆರೆ ಕಡಿದದ್ದಕ್ಕೆ ತೊಳೆಯುವುದು ಮದ್ದಲ್ಲ. ಸಾಧಾರಣ ಕೀಬೋರ್ಡಾದರೆ ಅಲ್ಲಿಗೆ ಅದರ ಆಯುಷ್ಯ ತೀರಿತು.

ಇನ್ನು ತೊಳೆಯುವ ವಿಚಾರ. ಮೊಬೈಲ್ ರಿಪೇರಿ ಮಾಡುವವರ ಮೇಜಿನ ಮೇಲೆ ಐಪಿಎ ಬಾಟಲಿ ಇರುತ್ತದೆ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಏನೇ ಕೆಟ್ಟರೂ ಅದನ್ನೇ ಸುರಿಯುವುದು ರೂಢಿ. ಬೆರಳಿನ ಜಿಡ್ಡಿಗೆ, ಹಾಲಿನ ಕೊಬ್ಬಿಗೆ ಅದು ಒಳ್ಳೆಯದೇ. ಆದರೆ ಚಹಾದ ಅಂಟಿಗೆ ಮೂಲ ಸಕ್ಕರೆ, ಸಕ್ಕರೆ ಶುದ್ಧ ಆಲ್ಕೋಹಾಲಿನಲ್ಲಿ ಕರಗುವುದಿಲ್ಲ ಎಂದೇ ಹೇಳಬೇಕು. ಎಷ್ಟು ಸುರಿದರೂ ಪದರ ಹಾಗೇ ಇರುತ್ತದೆ. ಸಕ್ಕರೆಯನ್ನು ಕರಗಿಸುವುದು ನೀರು. ಅನೇಕರು ಹೆದರುವುದು ಆ ನೀರಿಗೇ. ಮೊದಲು ನೀರು, ಆಮೇಲೆ ಐಪಿಎ: ಇದೇ ಸರಿಯಾದ ಕ್ರಮ. ನೀರು ಸಕ್ಕರೆಯನ್ನು ಎತ್ತುತ್ತದೆ. ಐಪಿಎ ಆ ನೀರಿನ ಜತೆ ಬೆರೆತು ಅದನ್ನೂ ಎಳೆದುಕೊಂಡು ಬೇಗ ಆರಿಹೋಗುತ್ತದೆ.

ನೀರೆಂದರೆ ಬೋರಿನ ನೀರು ಬೇಡ. ನಮ್ಮ ಕಡೆಯ ಗಡಸು ನೀರು ಆರಿದಲ್ಲಿ ಬಿಳಿ ಉಪ್ಪಿನ ಕಲೆ ಬಿಡುತ್ತದೆ, ಆ ಉಪ್ಪು ತೇವ ಹಿಡಿದರೆ ಕರೆಂಟು ಹರಿಸುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಕೇಳುವಾಗ ನೀರು ಎಂದೇ ಸ್ಪಷ್ಟವಾಗಿ ಕೇಳಿ; ಅದೇ ಅಂಗಡಿಯಲ್ಲಿ ಅಂಥದೇ ಕ್ಯಾನಿನಲ್ಲಿ ಆ್ಯಸಿಡ್ಡೂ ಇರುತ್ತದೆ. ಸ್ಯಾನಿಟೈಜರ್ ಬಳಸಬೇಡಿ, ಕೈ ಒರಟಾಗದಿರಲೆಂದು ಅದರಲ್ಲಿ ಗ್ಲಿಸರಿನ್ ಬೆರೆಸಿರುತ್ತಾರೆ. ಸ್ಪಿರಿಟ್ ಆರಿದ ಮೇಲೆ ಗ್ಲಿಸರಿನ್ ಅಂಟಾಗಿ ಅಲ್ಲೇ ಉಳಿಯುತ್ತದೆ. ನೇಲ್ ಪಾಲಿಶ್ ತೆಗೆಯುವ ಆ್ಯಸಿಟೋನು ಕೀಗಳ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಪೆಟ್ರೋಲು, ಸೀಮೆಎಣ್ಣೆ ರಬ್ಬರನ್ನು ಉಬ್ಬಿಸುತ್ತವೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಎಣ್ಣೆ. ‘ಜರಾ ಎಣ್ಣಿ ಬಿಡ್ರಿ’ ಎನ್ನುವ ಸಲಹೆ ಹಳೆಯ ಟೈಪಿಂಗ್ ಕ್ಲಾಸುಗಳಿಂದ ಬಂದದ್ದು. ರೆಮಿಂಗ್ಟನ್, ಗೋದ್ರೇಜ್ ಯಂತ್ರಗಳ ಕಾಲದಲ್ಲಿ ಕಬ್ಬಿಣದ ಕಡ್ಡಿ ಕಬ್ಬಿಣದ ಮೇಲೆ ಜಾರಬೇಕಿತ್ತು. ಅಲ್ಲಿ ಮಷಿನ್ ಎಣ್ಣೆ ಬೇಕೇ ಬೇಕಿತ್ತು, ಅಚ್ಚಿನ ಅಕ್ಷರಗಳನ್ನು ಬ್ರಷ್ಷಿನಿಂದ ಉಜ್ಜುವುದೂ ದಿನದ ಕೆಲಸವಾಗಿತ್ತು. ಆ ಶಿಸ್ತಿನಲ್ಲಿ ಬೆಳೆದವರು ಕಂಪ್ಯೂಟರ್ ಕೀಬೋರ್ಡಿಗೂ ಎಣ್ಣೆಯ ಹನಿ ಬಿಡುತ್ತಾರೆ. ಇಲ್ಲಿ ಒಳಗಿರುವುದು ಪ್ಲಾಸ್ಟಿಕ್, ರಬ್ಬರ್. ಎರಡು ದಿನ ಕೀ ಹಗುರವಾಗಿ ಏಳುತ್ತದೆ. ಆಮೇಲೆ ಊರಿನ ಹತ್ತಿಯ ಎಳೆ, ರಸ್ತೆಯ ಧೂಳು ಎಲ್ಲ ಆ ಎಣ್ಣೆಗೆ ಬಂದು ಕೂರುತ್ತವೆ. ಚಹಾದ ಅಂಟು ನೀರಿಗೆ ಹೋಗುತ್ತದೆ, ಎಣ್ಣೆ ಧೂಳು ಸೇರಿದ ಕೆಸರನ್ನು ತೆಗೆಯುವುದು ಅದರ ಹತ್ತರಷ್ಟು ಕಷ್ಟ.

ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ. ಸಿಪಿಯು ಡಬ್ಬವನ್ನು ಅಲ್ಲಿಗೆ ಒಯ್ದು ಗಾಳಿ ಹೊಡೆಸುವವರು ಕೀಬೋರ್ಡಿಗೂ ಹೊಡೆಸುತ್ತಾರೆ. ಆ ಟ್ಯಾಂಕಿಯ ಗಾಳಿಯಲ್ಲಿ ನೀರಿನ ಹನಿ ಇರುತ್ತದೆ, ಎಣ್ಣೆಯ ಅಂಶ ಇರುತ್ತದೆ. ಒತ್ತಡ ಕೀಗಳನ್ನೇ ಹಾರಿಸುವಷ್ಟು. ಗಡಿಯಾರ ರಿಪೇರಿಯವರು ಹಿಡಿಯುವ ರಬ್ಬರ್ ಬ್ಲೋವರ್ ಸಾಕು, ಜತೆಗೆ ಬಣ್ಣ ಹಚ್ಚುವ ಮೆತ್ತನೆಯ ಬ್ರಷ್. ಕೀಬೋರ್ಡನ್ನು ಬೋರಲು ಹಿಡಿದು ಬೆನ್ನಿಗೆ ಮೆಲ್ಲಗೆ ತಟ್ಟಿದರೆ ಅರ್ಧ ಕಸ ತಾನಾಗಿ ಉದುರುತ್ತದೆ.

ಸಾಧಾರಣ ತಂತಿಯ ಕೀಬೋರ್ಡಿನ ಒಳಗು ಹೀಗಿದೆ. ಕೀ ಕೆಳಗೆ ರಬ್ಬರಿನ ಸಣ್ಣ ಗುಮ್ಮಟ, ಅದರ ಕೆಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆ. ಮೇಲಿನ, ಕೆಳಗಿನ ಹಾಳೆಗಳ ಮೇಲೆ ಕರೆಂಟು ಹರಿಯುವ ಗೆರೆ ಅಚ್ಚಾಗಿರುತ್ತದೆ. ನಡುವಿನ ಹಾಳೆಯಲ್ಲಿ ಪ್ರತಿ ಕೀಗೊಂದು ತೂತು. ಗುಮ್ಮಟ ಕುಸಿದಾಗ ತೂತಿನ ಮೂಲಕ ಮೇಲಿನದು ಕೆಳಗಿನದಕ್ಕೆ ತಾಗುತ್ತದೆ. ಬೆರಳು ತೆಗೆದರೆ ಗುಮ್ಮಟ ಕೀಯನ್ನು ಮೇಲೆತ್ತುತ್ತದೆ. ಅಂಟು ಹಿಡಿಯುವುದು ಬಹುತೇಕ ಈ ಹಾಳೆಗಳಲ್ಲಲ್ಲ, ಮೇಲಿನ ಪ್ಲಾಸ್ಟಿಕ್ ಕೊಳವೆಯಲ್ಲಿ, ಕೀಯ ಕಾಲು ಇಳಿದು ಏಳುವ ಗೂಡಿನಲ್ಲಿ. ಕೀಯನ್ನು ಕಿತ್ತು ತಿರುಗಿಸಿ ನೋಡಿ: ಕಾಲಿನ ನಾಲ್ಕೂ ಬದಿಗೆ ಕಂದು ಬಣ್ಣದ ಉಂಗುರ ಕಟ್ಟಿರುತ್ತದೆ, ಉಗುರಿಗೆ ಅಂಟುತ್ತದೆ. ಆ ಉಂಗುರ ತೆಗೆದರೆ ಮುಕ್ಕಾಲು ರಿಪೇರಿ ಮುಗಿಯಿತು.

ಕೆಲಸ ಶುರು ಮಾಡುವಾಗ ತಂತಿ ಕಳಚಿ, ಮೊಬೈಲಿನಲ್ಲಿ ಇಡೀ ಕೀಬೋರ್ಡಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕೀ ಕೀಳಲು ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ ಸಾಕು. ಮೂಲೆಯಿಂದ ನೇರವಾಗಿ ಮೇಲಕ್ಕೆ ಎತ್ತಬೇಕು. ಸ್ಪೇಸ್ ಬಾರ್, ಎಂಟರ್, ಶಿಫ್ಟ್ ಕೀಗಳ ಕೆಳಗೆ ಹಲವು ಕೀಬೋರ್ಡುಗಳಲ್ಲಿ ಉಕ್ಕಿನ ತಂತಿಯೊಂದು ಇರುತ್ತದೆ. ಅವಸರಪಟ್ಟರೆ ಅದರ ಕೊಕ್ಕೆ ಮುರಿಯುತ್ತದೆ, ಆಮೇಲೆ ಸ್ಪೇಸ್ ಬಾರ್ ಒಂದು ಕಡೆ ವಾಲಿಯೇ ಕೂರುತ್ತದೆ. ಒಂದೇ ಕೀ ಕೆಟ್ಟಿದ್ದರೆ ಆ ಉದ್ದ ಕೀಗಳ ತಂಟೆಗೆ ಹೋಗಬೇಡಿ. ಕಿತ್ತ ಕೀಗಳನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಅರ್ಧ ತಾಸು ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಾಲುಗಳ ಸುತ್ತ ಉಜ್ಜಿ, ನೆರಳಲ್ಲಿ ಒಂದು ದಿನ ಆರಿಸಿ. ಮೇ ತಿಂಗಳ ಮಾಳಿಗೆಯ ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತವೆ. ಗೂಡಿನ ಒಳಗೋಡೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ ಇಯರ್ ಬಡ್‌ನಿಂದ ಒರೆಸಿ, ಬಡ್ ಬಣ್ಣಗೆಡದೆ ಬರುವ ತನಕ ಬದಲಿಸುತ್ತ ಹೋಗಿ. ಕೊನೆಗೆ ಐಪಿಎ ಹಚ್ಚಿದ ಬಡ್ ಒಂದು ಸಲ. ಚಹಾ ಹಾಳೆಗಳ ನಡುವೆಯೇ ಇಳಿದಿದ್ದರೆ ಮಾತ್ರ ಹಿಂದಿನ ಸ್ಕ್ರೂಗಳನ್ನು ತೆಗೆಯಬೇಕಾಗುತ್ತದೆ. ಒಂದು ಸ್ಕ್ರೂ ಸ್ಟಿಕ್ಕರಿನ ಕೆಳಗೆ ಅಡಗಿರುವುದುಂಟು. ಹಾಳೆಗಳ ಗೆರೆಯನ್ನು ಉಜ್ಜಲೇಬಾರದು, ಅಚ್ಚು ಅಳಿಸಿದರೆ ಮತ್ತೆ ಬರುವುದಿಲ್ಲ. ಒದ್ದೆ ಬಟ್ಟೆಯನ್ನು ಮೆಲ್ಲಗೆ ಒತ್ತಿ ಎತ್ತಬೇಕು ಅಷ್ಟೆ.

ಲ್ಯಾಪ್‌ಟಾಪಿನ ಕೀ ಇನ್ನೂ ನಾಜೂಕು. ಅದರ ಕೆಳಗೆ ಕತ್ತರಿಯಂತೆ ಹೆಣೆದ ಎರಡು ಪ್ಲಾಸ್ಟಿಕ್ ಚೌಕಟ್ಟುಗಳಿವೆ. ಕೊಕ್ಕೆ ಯಾವ ಕಡೆ ಇದೆ ಎಂಬುದು ಕಂಪನಿಗೊಂದು, ಮಾದರಿಗೊಂದು ಥರ. ಕೀಳದೆ ಸಾಧ್ಯವಾದಷ್ಟು ಮಾಡಿ: ಬಂದ್ ಮಾಡಿ, ಚಾರ್ಜರ್ ತೆಗೆದು, ಓರೆಯಾಗಿ ಹಿಡಿದು ಕೀಗಳ ಸಂದಿಗೆ ಬ್ಲೋವರ್ ಹೊಡೆಯಿರಿ, ಐಪಿಎ ತುಸುವೇ ತಾಗಿಸಿದ ಬಡ್ಡನ್ನು ಅಂಚಿನಲ್ಲಿ ಆಡಿಸಿ, ಕೀಯನ್ನು ಹಲವು ಸಲ ಒತ್ತಿ ಬಿಡಿ. ಇಷ್ಟಕ್ಕೂ ಬಗ್ಗದಿದ್ದರೆ ಬಲ್ಲವರ ಹತ್ತಿರ ಒಯ್ಯುವುದೇ ಲೇಸು.

ಧೂಳಿನ ಒಂದು ಕಣ ಎಷ್ಟು ದೊಡ್ಡ ಕಂಪನಿಯನ್ನು ಕಾಡಬಲ್ಲದು ಎಂಬುದಕ್ಕೆ ಆ್ಯಪಲ್‌ನ ಉದಾಹರಣೆ ಇದೆ. 2015ರಲ್ಲಿ ಅದು ತನ್ನ ತೆಳು ಲ್ಯಾಪ್‌ಟಾಪಿಗೆ ಬಟರ್‌ಫ್ಲೈ ಎಂಬ ಹೊಸ ಬಗೆಯ ಕೀ ತಂದಿತು. ಕೀ ಇಳಿಯುವ ಆಳ ತೀರಾ ಕಡಿಮೆ. ಕೆಳಗೆ ಒಂದು ಕಣ ಸೇರಿದರೆ ಸಾಕು, ಕೀ ಸಿಕ್ಕಿಕೊಳ್ಳುತ್ತಿತ್ತು, ಇಲ್ಲವೇ ಒಂದು ಒತ್ತಿಗೆ ಎರಡು ಅಕ್ಷರ ಬರುತ್ತಿತ್ತು. ಲ್ಯಾಪ್‌ಟಾಪನ್ನು 75 ಡಿಗ್ರಿ ಓರೆ ಹಿಡಿದು ಗಾಳಿ ಊದಿ ಎಂದು ಕಂಪನಿಯೇ ಸೂಚನೆ ಕೊಟ್ಟಿತು. 2018ರ ಜೂನ್‌ನಲ್ಲಿ ಪುಕ್ಕಟೆ ದುರಸ್ತಿಯ ಯೋಜನೆ ಪ್ರಕಟಿಸಿತು, 2019ರ ಕೊನೆಗೆ ಹಳೆಯ ಕತ್ತರಿ ಬಗೆಗೆ ಮರಳತೊಡಗಿತು. ಗ್ರಾಹಕರು ಹೂಡಿದ ದಾವೆಯನ್ನು 2022ರಲ್ಲಿ 5 ಕೋಟಿ ಡಾಲರಿಗೆ ಇತ್ಯರ್ಥ ಮಾಡಿಕೊಳ್ಳಲು ಒಪ್ಪಿತು. ತೆಳ್ಳಗೆ ಮಾಡುವುದೇ ಜಾಣತನ ಎಂಬ ನಂಬಿಕೆ ಧೂಳಿನ ಮುಂದೆ ನಿಲ್ಲಲಿಲ್ಲ. ನಮ್ಮಂಥ ಊರುಗಳಲ್ಲಿ ದಿನವಿಡೀ ಟೈಪು ಮಾಡುವವರು ತೆಳು ಕೀಬೋರ್ಡಿನ ಅಂದಕ್ಕೆ ಮರುಳಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೀಗಳು ಎತ್ತರವಾಗಿರಬೇಕು, ಸುಲಭವಾಗಿ ಕೀಳಲು ಬರಬೇಕು.

ಇದಕ್ಕೆ ನಮ್ಮಲ್ಲೇ ಒಳ್ಳೆಯ ಮಾದರಿ ಇದೆ. ಬ್ಯಾಂಕಿನ ಕೌಂಟರುಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಟಕಟಕ ಸದ್ದು ಮಾಡುವ ಟಿವಿಎಸ್ ಗೋಲ್ಡ್ ಕೀಬೋರ್ಡನ್ನು ನೋಡದವರು ಕಡಿಮೆ. ಅದರಲ್ಲಿ ರಬ್ಬರ್ ಗುಮ್ಮಟವಿಲ್ಲ, ಪ್ರತಿ ಕೀಗೂ ಸ್ಪ್ರಿಂಗ್ ಇರುವ ಬೇರೆ ಬೇರೆ ಸ್ವಿಚ್ಚು. ಬೆಲೆ ಸಾಧಾರಣದ್ದಕ್ಕಿಂತ ಹಲವು ಪಟ್ಟು, ಬಾಳಿಕೆಯೂ ಹಾಗೆಯೇ. ಇದರ ಕಾಯಿಲೆಯೂ ಬೇರೆ: ಲೋಹದ ಎರಡು ತುಂಡು ತಾಗುವಾಗ ಕ್ಷಣಕಾಲ ಪುಟಿಯುತ್ತವೆ. ಒಳಗಿನ ಚಿಪ್ಪು ಕೆಲವು ಮಿಲಿಸೆಕೆಂಡು ಕಾದು ಆ ಪುಟಿತವನ್ನು ಒಂದೇ ಒತ್ತೆಂದು ಎಣಿಸುತ್ತದೆ. ಲೋಹಕ್ಕೆ ಕಿಲುಬು, ಧೂಳು ಹಿಡಿದರೆ ಪುಟಿತ ಇನ್ನೂ ಹೊತ್ತು ನಡೆದು ‘ಕ’ ಒತ್ತಿದರೆ ‘ಕಕ’ ಬರುತ್ತದೆ. ಹಲಂತ ಎರಡು ಸಲ ಬಂದರೆ ಅಕ್ಷರದ ಪಕ್ಕದಲ್ಲಿ ಚುಕ್ಕಿಗಳ ಪುಟ್ಟ ವೃತ್ತವೊಂದು ಮೂಡುವುದುಂಟು. ಅನೇಕರು ಅದನ್ನು ಫಾಂಟಿನ ದೋಷವೆಂದು ಫಾಂಟು ಬದಲಿಸುತ್ತ ಕೂರುತ್ತಾರೆ.

ಸ್ವಿಚ್ಚು ಸವೆದೇ ಹೋಗಿದ್ದರೆ ಕನ್ನಡದ ಆಪರೇಟರುಗಳಿಗೆ ಒಂದು ಉಪಾಯವಿದೆ. ಸ್ಕ್ರೋಲ್ ಲಾಕ್, ಪಾಜ್ ಎಂಬ ಕೀಗಳನ್ನು ನಮ್ಮಲ್ಲಿ ಹೆಚ್ಚಿನವರು ಜನ್ಮದಲ್ಲಿ ಒತ್ತಿರುವುದಿಲ್ಲ. ಅವುಗಳ ಕೆಳಗಿನ ಸ್ವಿಚ್ಚುಗಳು ಹೊಸದರ ಹಾಗೇ ಇರುತ್ತವೆ. ಬೆಸುಗೆ ಬಲ್ಲ ಯಾವ ರೇಡಿಯೊ, ಟಿವಿ ಮೆಕ್ಯಾನಿಕ್ಕಾದರೂ ಸರಿ, ಅವೆರಡನ್ನು ಕಿತ್ತು ಡಿ ಮತ್ತು ಎಫ್ ಜಾಗಕ್ಕೆ ಕೂರಿಸಬಲ್ಲ. ಮೆಕ್ಯಾನಿಕ್ಕಿಗೆ ಕನ್ನಡ ಓದಲು ಬರದಿದ್ದರೂ ಅಡ್ಡಿಯಿಲ್ಲ, ಯಾವ ಕೀ ಎಂದು ನೀವು ಬೆರಳಿಟ್ಟು ತೋರಿಸಿದರೆ ಸಾಕು. ರಬ್ಬರಿನ ಗುಮ್ಮಟಗಳು ಬಿಡಿಬಿಡಿಯಾಗಿರುವ ಸಾಧಾರಣ ಕೀಬೋರ್ಡಿನಲ್ಲೂ ಇದೇ ಅದಲುಬದಲು ನಡೆಯುತ್ತದೆ. ಇಡೀ ಒಂದೇ ರಬ್ಬರ್ ಹಾಸು ಇದ್ದರೆ ಆಗದು.

ಚಹಾ ಚೆಲ್ಲಿದ ಆ ಗಳಿಗೆಯಲ್ಲಿ ಮಾಡುವುದೇ ನಿಜವಾದ ದುರಸ್ತಿ. ತಂತಿ ಎಳೆದು ಕಳಚಿ, ಕೀಬೋರ್ಡನ್ನು ಬೋರಲು ಹಾಕಿ. ನಡೆಯುತ್ತದೋ ಎಂದು ಒಂದೊಂದೇ ಕೀ ಒತ್ತಿ ನೋಡಬೇಡಿ, ಒತ್ತಿದಷ್ಟೂ ಚಹಾ ಕೆಳಗಿಳಿಯುತ್ತದೆ. ಲ್ಯಾಪ್‌ಟಾಪಾದರೆ ಪವರ್ ಬಟನ್ ಹಿಡಿದು ಬಂದ್ ಮಾಡಿ, ಚಾರ್ಜರ್ ತೆಗೆದು, ಅರ್ಧ ತೆರೆದು ಗುಡಾರದಂತೆ ಮಗುಚಿ ನಿಲ್ಲಿಸಿ, ಅದೇ ದಿನ ರಿಪೇರಿಯವರ ಬಳಿ ಒಯ್ದು ಬ್ಯಾಟರಿ ಬಿಡಿಸಿ. ಅಕ್ಕಿಯ ಡಬ್ಬಿಯಲ್ಲಿ ಹೂಳಿಟ್ಟರೆ ಸಕ್ಕರೆ ಹೋಗುವುದಿಲ್ಲ, ಅಕ್ಕಿಯ ಹಿಟ್ಟು ಸೇರಿಕೊಳ್ಳುತ್ತದೆ. ತಂತಿಯ ಕೀಬೋರ್ಡಿನ ಸಕ್ಕರೆ ಇನ್ನೂ ಒದ್ದೆ ಇರುವಾಗ ನೀರಿನ ಬಡ್ ಹಿಡಿದು ಒರೆಸಿದರೆ ಹತ್ತು ನಿಮಿಷದ ಕೆಲಸ. ಒಣಗಿದ ಮೇಲೆ ಒಂದು ದಿನದ್ದು.

ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲ್ಲೂಕುಗಳ ಕನ್ನಡ ಶಾಲೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಪುಣೆಯ ಬಾಲಭಾರತಿ ಅಚ್ಚು ಹಾಕಿದ ಕನ್ನಡ ಪುಸ್ತಕ ಓದುವ ಈ ಮಕ್ಕಳು ಮುಂದೆ ಮಹಾರಾಷ್ಟ್ರ ಸರ್ಕಾರದ ಗುಮಾಸ್ತ ಹುದ್ದೆಗೆ ಹೋಗಬೇಕೆಂದರೆ ಮರಾಠಿಯಲ್ಲಿ ನಿಮಿಷಕ್ಕೆ 30 ಪದ ಅಥವಾ ಇಂಗ್ಲಿಷಿನಲ್ಲಿ 40 ಪದ ಟೈಪು ಮಾಡಿದ ಪ್ರಮಾಣಪತ್ರ ಬೇಕು. ಶಾಲೆಯ ಕಂಪ್ಯೂಟರಿನಲ್ಲಿ ಇನ್‌ಸ್ಕ್ರಿಪ್ಟ್ ಕಲಿತ ಮಗುವಿಗೆ ಕನ್ನಡದ ಬೆರಳೇ ಮರಾಠಿಗೂ ಬರುತ್ತದೆ. ಹೊಸ ಭಾಷೆಗೆ ಹೊಸ ಕೀ ಕಲಿಯಬೇಕಾಗಿಲ್ಲ. ಆ ಮಗುವಿನ ಮುಂದಿರುವ ಡಿ ಕೀ ಮೇಲೇಳದೆ ಕೂತರೆ ಎರಡೂ ಭಾಷೆ ಒಟ್ಟಿಗೆ ಕೈತಪ್ಪುತ್ತವೆ. ಒತ್ತಿದರೂ ಒತ್ತು ಮೂಡದಿದ್ದಾಗ ಮಗು ತನಗೇ ಬರುವುದಿಲ್ಲ ಎಂದುಕೊಳ್ಳುತ್ತದೆ, ಕೀ ಕೆಟ್ಟಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ಆದ್ದರಿಂದ ಮುಖ್ಯಾಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟು. ಬೇಸಿಗೆ ರಜೆಗೆ ಬೀಗ ಹಾಕುವ ಮುಂಚೆ ಕೀಬೋರ್ಡುಗಳಿಗೆ ಹಳೆಯ ಚಾದರವನ್ನಾದರೂ ಹೊದಿಸಿ. ಜೂನ್ ಮಧ್ಯದಲ್ಲಿ ಶಾಲೆ ತೆರೆದ ಮೊದಲ ವಾರ ದೊಡ್ಡ ಮಕ್ಕಳ ಕೈಗೆ ಬ್ರಷ್, ಬಡ್ ಕೊಟ್ಟು ಕನಿಷ್ಠ ಡಿ, ಎಫ್, ಎರಡು ಶಿಫ್ಟ್ ಇವಿಷ್ಟರ ಅಂಚನ್ನು ತೊಳೆಸಿ. ಶಿಫ್ಟ್ ಕೀಗಳನ್ನು ಮಾತ್ರ ಕೀಳಿಸದೆ ಇದ್ದಲ್ಲೇ ಒರೆಸಲಿ. ಡಿಟಿಪಿ ಅಂಗಡಿಯ ಅಣ್ಣ ಅಕ್ಕಂದಿರಿಗೂ ಒಂದು ಮಾತು: ಕೆಟ್ಟ ಟಿವಿಎಸ್ ಗೋಲ್ಡ್ ಕೀಬೋರ್ಡನ್ನು ಗುಜರಿಗೆ ಹಾಕಬೇಡಿ. ಅದರಲ್ಲಿ ನೂರಕ್ಕೂ ಹೆಚ್ಚು ಸ್ವಿಚ್ಚುಗಳಿವೆ, ನಿಮಗೆ ಬೇಕಾಗುವುದು ವರ್ಷಕ್ಕೆ ಒಂದೋ ಎರಡೋ.